ರಸ್ತೆಯಡಿಯ ಕಾಣದ ಸೇತುವೆಗಳು

ಮಳೆಗಾಲದ ಸಂಜೆ ರೇಡಿಯೋದಲ್ಲಿ ವಾರ್ತೆಗಳ ಕೊನೆಗೆ ಹವಾಮಾನದ ವರದಿ ಬರುವುದನ್ನು ತಾವೆಲ್ಲರೂ ಕೇಳಿದ್ದೀರಿ. ಇಂಥ ಊರಿನಲ್ಲಿ 50 ಮಿಲಿಮೀಟರು ಮಳೆಯಾಯಿತು ಎಂದು ಹೇಳಿ ವಾರ್ತೆ ಓದುವವರು ಮುಗಿಸುತ್ತಾರೆ. ನಾವೂ ಕೇಳಿ ಸುಮ್ಮನಾಗುತ್ತೇವೆ. 50 ಮಿಲಿಮೀಟರೆಂದರೆ ಎಷ್ಟು? ಹಳೆಯ ಲೆಕ್ಕದಲ್ಲಿ ಎರಡು ಅಂಗುಲ. ಬೆರಳಿನ ಎರಡು ಗೆಣ್ಣು ಮುಳುಗುವಷ್ಟು. ಇಷ್ಟು ನೀರಿಗೆ ಬೀದಿಗೆ ಬೀದಿಯೇ ಏಕೆ ಮುಳುಗಬೇಕು, ಮನೆಯೊಳಗಿನ ಅಕ್ಕಿಯ ಮೂಟೆ ಏಕೆ ನೆನೆಯಬೇಕು ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಲೆಕ್ಕ ಸುಲಭವಾಗಿದೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನವು ಸುಮಾರು 111 ಚದರ ಮೀಟರು. ಅದರ ಮೇಲೆ 50 ಮಿಲಿಮೀಟರು ಮಳೆ ಸುರಿದರೆ 5,500 ಲೀಟರಿಗೂ ಹೆಚ್ಚು. 200 ಲೀಟರು ಹಿಡಿಯುವ ಡ್ರಮ್ಮುಗಳಲ್ಲಿ ತುಂಬಿದರೆ 27 ಡ್ರಮ್ಮುಗಳು ತುಂಬಿ ಇಪ್ಪತ್ತೆಂಟನೆಯದಕ್ಕೂ ಬಹುಪಾಲು ಉಳಿಯುತ್ತದೆ. ಇದು ಒಂದು ಮನೆಯ ಮಾತು. ಒಂದು ಚದರ ಕಿಲೋಮೀಟರಿನ ಬಡಾವಣೆಯ ಮೇಲೆ ಅದೇ ಮಳೆಯು 5 ಕೋಟಿ ಲೀಟರಾಗುತ್ತದೆ. ಈ 5 ಕೋಟಿ ಲೀಟರು ನೀರು ಅಲ್ಲಿಯೇ ನಿಲ್ಲುವಂತಿಲ್ಲ, ಎಲ್ಲಿಗಾದರೂ ಹೋಗಲೇಬೇಕು. ಹಳ್ಳವಿದ್ದ ಕಡೆಗೆ ನೀರು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನಾವು ಮನುಷ್ಯರ ವಿಷಯಕ್ಕೆ ಅನ್ವಯಿಸಿಕೊಂಡು ನಕ್ಕೆವೇ ಹೊರತು, ನೀರಿನ ವಿಷಯದಲ್ಲಿ ಅದು ಅಕ್ಷರಶಃ ನಿಜವೆಂಬುದನ್ನು ಮರೆತೆವು. ನಾವು ಹಳ್ಳವನ್ನು ಮುಚ್ಚಿ ಮನೆ ಕಟ್ಟಿದರೂ ನೀರು ಆ ಹಳ್ಳದ ವಿಳಾಸವನ್ನು ಮರೆಯುವುದಿಲ್ಲ.

ಹಿಂದೆಯೂ ಮಳೆ ಇಷ್ಟೇ ಬೀಳುತ್ತಿತ್ತಲ್ಲ, ಆಗ ಈ ತೊಂದರೆ ಇರಲಿಲ್ಲವಲ್ಲ ಎನ್ನುವವರುಂಟು. ಆಗ ನೆಲ ಕುಡಿಯುತ್ತಿತ್ತು. ಮಣ್ಣು, ಹುಲ್ಲು, ಮರದ ಬೇರು, ತೋಟದ ಪಾತಿ, ಇವೆಲ್ಲ ಬಿದ್ದ ನೀರಿನ ಬಹುಭಾಗವನ್ನು ಹಿಡಿದಿಟ್ಟುಕೊಂಡು, ಉಳಿದುದನ್ನು ಮಾತ್ರ ನಿಧಾನವಾಗಿ ಹಳ್ಳಕ್ಕೆ ಬಿಡುತ್ತಿದ್ದವು. ಈಗ ತಾರಸಿ, ಕಾಂಕ್ರೀಟಿನ ಅಂಗಳ, ಡಾಂಬರಿನ ರಸ್ತೆ. ಇವು ನೀರನ್ನು ಕುಡಿಯುವುದಿಲ್ಲ, ಜಾರಿಸುತ್ತವೆ. ಇಂಜಿನಿಯರುಗಳು ಇದನ್ನು ಒಂದು ಸಣ್ಣ ಸೂತ್ರದಲ್ಲಿ ಹಿಡಿದಿಟ್ಟಿದ್ದಾರೆ: ನೆಲದ ವಿಸ್ತಾರ, ಮಳೆಯ ರಭಸ, ಹರಿದುಹೋಗುವ ಪಾಲು, ಈ ಮೂರನ್ನೂ ಗುಣಿಸಿದರೆ ಮೋರಿಗೆ ಬರುವ ನೀರಿನ ಪ್ರಮಾಣ ಸಿಕ್ಕುತ್ತದೆ. ಈ ವಿಚಾರವನ್ನು ಐರ್ಲೆಂಡಿನ ಮಲ್ವನಿ ಎಂಬಾತ 1851ರಲ್ಲಿ ಬರೆದಿಟ್ಟ. ಅಮೆರಿಕದ ರಾಚೆಸ್ಟರ್ ನಗರದ ಕೈಕ್ಲಿಂಗ್ ಎಂಬ ಇಂಜಿನಿಯರು 1889ರಲ್ಲಿ ಅದನ್ನು ನಗರಗಳ ಚರಂಡಿಗೆ ಅಳವಡಿಸಿದ. ಸಣ್ಣ ಪ್ರದೇಶಗಳಿಗೆ ಇಂದಿಗೂ ಇದೇ ಸೂತ್ರದಿಂದಲೇ ಲೆಕ್ಕ ಆರಂಭವಾಗುತ್ತದೆ.

ಮೇಲೆ ಹೇಳಿದ ಒಂದು ಚದರ ಕಿಲೋಮೀಟರಿನ ಮೇಲೆ ಗಂಟೆಗೆ 50 ಮಿಲಿಮೀಟರಿನ ರಭಸದಲ್ಲಿ ಮಳೆ ಸುರಿಯುತ್ತಿದೆ ಎನ್ನೋಣ. ಅದು ಹೊಲ, ತೋಪು ಇದ್ದ ಕಾಲದಲ್ಲಿ ಐದರಲ್ಲಿ ಒಂದು ಪಾಲು ಹರಿದುಹೋಗುತ್ತಿದ್ದರೆ, ಮೋರಿಗೆ ಸೆಕೆಂಡಿಗೆ ಮೂರು ಘನ ಮೀಟರಿಗಿಂತ ಸ್ವಲ್ಪ ಕಡಿಮೆ ನೀರು ಬರುತ್ತಿತ್ತು. ಅದೇ ಜಾಗದಲ್ಲಿ ಮನೆ, ರಸ್ತೆಗಳೆದ್ದು ಐದರಲ್ಲಿ ನಾಲ್ಕು ಪಾಲು ಹರಿಯತೊಡಗಿದರೆ, ಸೆಕೆಂಡಿಗೆ ಹನ್ನೊಂದು ಘನ ಮೀಟರು. ಮಳೆ ಒಂದು ಹನಿಯೂ ಹೆಚ್ಚಾಗಿಲ್ಲ. ಮೋರಿಯ ಕೆಲಸ ಮಾತ್ರ ನಾಲ್ಕು ಪಟ್ಟಾಯಿತು. ಇದರ ಮೇಲೆ, ನುಣುಪಾದ ನೆಲದ ಮೇಲೆ ನೀರು ಬೇಗ ಓಡುವುದರಿಂದ, ಬಡಾವಣೆಯ ಎಲ್ಲ ಮೂಲೆಗಳ ನೀರೂ ಒಟ್ಟಿಗೇ ಮೋರಿಯ ಬಾಯಿಗೆ ಬಂದು ನಿಲ್ಲುತ್ತದೆ. ಮದುವೆ ಮನೆಯ ನೆಂಟರು ಪಂಕ್ತಿ ಪಂಕ್ತಿಯಾಗಿ ಬಂದರೆ ಬಡಿಸುವವನು ಹೇಗೋ ನಿಭಾಯಿಸುತ್ತಾನೆ. ಎಲ್ಲರೂ ಒಮ್ಮೆಗೇ ಬಂದರೆ ಅವನ ಗತಿಯೇನು?

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ದಿನಕ್ಕೆ ಎಷ್ಟು ಮಳೆ ಎಂಬುದಕ್ಕಿಂತ ಗಂಟೆಗೆ ಎಷ್ಟು ಎಂಬುದೇ ಮೋರಿಗೆ ಮುಖ್ಯ. ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರು ಮಳೆಗೆಂದು ಲೆಕ್ಕ ಹಾಕಿ ಕಟ್ಟಿದ್ದರು. ಅದೂ ಸಮುದ್ರದಲ್ಲಿ ಇಳಿತವಿದ್ದಾಗ. ಉಬ್ಬರವಿದ್ದರೆ ಚರಂಡಿಯ ಬಾಯಿಯೇ ಸಮುದ್ರದ ನೀರಿನಲ್ಲಿ ಮುಳುಗಿ ಹೊರಹರಿವು ನಿಂತುಹೋಗುತ್ತಿತ್ತು. 1993ರಲ್ಲಿಯೇ ತಜ್ಞರ ವರದಿಯೊಂದು ಇದನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದು ಹೇಳಿತ್ತು. ಕೆಲಸ ನಿಧಾನವಾಗಿ ನಡೆಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಅದರಲ್ಲಿಯೂ ಬಹುಪಾಲು ಮಧ್ಯಾಹ್ನದಿಂದ ರಾತ್ರಿಯೊಳಗೆ. ಅಂಥ ಮಳೆಗೆ ಯಾವ ಚರಂಡಿಯೂ ಸಾಲದು ಎಂಬುದು ನಿಜ. ಆದರೆ ನೂರಾರು ಜನ ಸತ್ತ ಆ ದಿನ ಮೀಠೀ ನದಿಯ ಪಾತ್ರವನ್ನು ಎರಡು ಕಡೆಯಿಂದಲೂ ಒತ್ತಿ ಕಿರಿದು ಮಾಡಿದ್ದರೆಂಬುದೂ ಅಷ್ಟೇ ನಿಜ.

ಬೆಂಗಳೂರಿಗೆ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಊರು ಅದು. ಅಲ್ಲಿ ಬಿದ್ದ ನೀರು ಒಂದು ಕಡೆ ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ; ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ. ಎತ್ತರದ ಮೇಲಿರುವ ಊರು ಮುಳುಗುವುದೆಂದರೆ ಕೇಳಿದವರು ನಗಬೇಕು. ಆದರೂ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಜನರು ಟ್ರ್ಯಾಕ್ಟರುಗಳನ್ನೂ ದೋಣಿಗಳನ್ನೂ ಏರಿ ಹೊರಬರಬೇಕಾಯಿತು. ಕಾರಣ ತಿಳಿಯಬೇಕಾದರೆ ಹಳೆಯವರ ಕೆರೆಗಳನ್ನು ನೋಡಬೇಕು.

ನಮ್ಮ ಕೆರೆಗಳು ಒಂಟಿ ಕೆರೆಗಳಲ್ಲ, ಸರಪಳಿ. ಮೇಲಿನ ಕೆರೆ ತುಂಬಿದರೆ ಕೋಡಿ ಬೀಳುತ್ತಿತ್ತು. ಕೋಡಿಯ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೆರೆ ಕೋಡಿ ಬಿದ್ದರೆ ಊರಿಗೆ ಸಂಭ್ರಮ, ಪೂಜೆ, ಬಾಗಿನ. ಆ ಕಾಲುವೆಯೇ ಈಗ ಕಂದಾಯದ ನಕ್ಷೆಯಲ್ಲಿ ರಾಜಕಾಲುವೆ ಎನಿಸಿಕೊಂಡಿರುವುದು. ಕೆರೆಯ ಕೆಲಸ ನೀರು ಕೂಡಿಡುವುದು ಮಾತ್ರವಲ್ಲ. ಒಂದು ಗಂಟೆಯಲ್ಲಿ ಬಂದ ನೀರನ್ನು ಒಂದು ದಿನವೆಲ್ಲ ನಿಧಾನವಾಗಿ ಬಿಡುವುದೂ ಅದರ ಕೆಲಸವೇ. ಇಂದಿನ ಇಂಜಿನಿಯರು ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟುವ ತಡೆತೊಟ್ಟಿಯ ಕೆಲಸವನ್ನು ನಮ್ಮ ಕೆರೆ ಪುಕ್ಕಟೆಯಾಗಿ ಮಾಡುತ್ತಿತ್ತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಈಗ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಬಸ್ಸು ನಿಲ್ದಾಣ ಬೇಡವೆಂದು ನಾನು ಹೇಳುವುದಿಲ್ಲ. ಸರಪಳಿಯ ನಡುವಿನ ಕೊಂಡಿಯನ್ನು ತೆಗೆದಾಗ ಅದರ ಹೊರೆಯನ್ನು ಹೊರಬೇಕಾದದ್ದು ಕೆಳಗಿನ ಕಾಲುವೆ ಮತ್ತು ಮೋರಿ ಎಂಬುದನ್ನು ಮಾತ್ರ ಹೇಳುತ್ತೇನೆ.

ಈಗ ಮೋರಿಯ ವಿಚಾರಕ್ಕೆ ಬರೋಣ. ಮೋರಿ ಎಂಬ ಮಾತು ಮರಾಠಿಯಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಬಚ್ಚಲ ಮೋರಿಯಿಂದ ಹೆದ್ದಾರಿಯ ಮೋರಿಯವರೆಗೆ ಒಂದೇ ಪದ ಸಾಕಾಗಿದೆ. ಇಂಜಿನಿಯರುಗಳಿಗೆ ಇಷ್ಟು ಔದಾರ್ಯವಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಒಟ್ಟು ಉದ್ದ 6 ಮೀಟರಿನವರೆಗೆ ಇದ್ದರೆ ಅದು ಮೋರಿ, ಅಂದರೆ ಕಲ್ವರ್ಟು. ಅಲ್ಲಿಂದ 60 ಮೀಟರಿನವರೆಗೆ ಕಿರುಸೇತುವೆ. ಅದರಾಚೆಗೆ ದೊಡ್ಡ ಸೇತುವೆ. ದೊಡ್ಡ ಸೇತುವೆಗೆ ಶಂಕುಸ್ಥಾಪನೆ, ಉದ್ಘಾಟನೆ, ಕಲ್ಲಿನ ಫಲಕ ಎಲ್ಲವೂ ಉಂಟು. ಮೋರಿಗೆ ಇವು ಯಾವುವೂ ಇಲ್ಲ. ದಿನವೂ ಅದರ ಮೇಲೆ ನಡೆದುಹೋಗುವವರಿಗೂ ಕೆಳಗೆ ಸೇತುವೆಯಿದೆಯೆಂಬ ಅರಿವು ಇರುವುದಿಲ್ಲ.

ನನಗೂ ಇರಲಿಲ್ಲ. ನಮ್ಮ ಶಾಲೆಯಿಂದ ಎರಡು ಬೀದಿಯಾಚೆ ಹಳೆಯ ಕಲ್ಲುಚಪ್ಪಡಿಯ ಮೋರಿಯೊಂದಿತ್ತು. ರಸ್ತೆಯನ್ನು ಎತ್ತರಿಸಿದಾಗ ಅದನ್ನು ಕಿತ್ತು ಎರಡು ಕಾಂಕ್ರೀಟಿನ ಕೊಳವೆಗಳನ್ನು ಹೂತರು. ನೋಡುವುದಕ್ಕೆ ಹೊಸದು, ಅಂದವಾಗಿಯೂ ಇತ್ತು. ಆ ವರ್ಷದ ಮೊದಲ ಬಿರುಮಳೆಗೆ ಮೇಲಿನ ಬೀದಿಯ ಆರೇಳು ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿತು. ಮಾರನೆಯ ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಬರಿಗೈಯಲ್ಲಿ ಶಾಲೆಗೆ ಬಂದ. ಪುಸ್ತಕವೆಲ್ಲಿ ಎಂದು ನಾನು ಗದರಿಸಿದೆ. ತಾರಸಿಯ ಮೇಲೆ ಒಣಗಲು ಹರಡಿದ್ದೇನೆ ಸಾರ್ ಎಂದ. ಗದರಿಸಿದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಆ ವಾರ ಗಣಿತದ ಮೇಷ್ಟರೂ ನಾನೂ ಹುಡುಗರನ್ನು ಕರೆದುಕೊಂಡು ಹೋಗಿ ಅಳತೆ ಮಾಡಿದೆವು. ಹಳೆಯ ಮೋರಿಯ ಬದಿಗೋಡೆಗಳ ಗುರುತು ಇನ್ನೂ ಉಳಿದಿತ್ತು: ಅಗಲ 1.8 ಮೀಟರು, ಎತ್ತರ 1.2 ಮೀಟರು, ಬಾಯಿಯ ವಿಸ್ತೀರ್ಣ 2.16 ಚದರ ಮೀಟರು. ಹೊಸ ಕೊಳವೆಗಳ ವ್ಯಾಸ 90 ಸೆಂಟಿಮೀಟರು. ಎರಡೂ ಸೇರಿ 1.27 ಚದರ ಮೀಟರು. ನೂರು ಪಾಲು ದಾರಿಯಿದ್ದ ಕಡೆ 59 ಪಾಲು ಉಳಿದಿತ್ತು. ಕೊಳವೆಗಳೊಳಗೆ ಆಗಲೇ ಒಂದು ಗೇಣು ಹೂಳು. ಒಂದರ ಬಾಯಿಗೆ ಬಾಳೆಯ ದಿಂಡು, ಹಳೆಯ ಹಾಸಿಗೆ, ಪ್ಲಾಸ್ಟಿಕ್ಕಿನ ಗಂಟು. ಕನ್ನಡ ಪಂಡಿತನಾದ ನನಗೆ ವ್ಯಾಸ, ಪರಿಧಿಗಳ ಸಹವಾಸ ಕಡಿಮೆ. ಆದರೂ ಆ ಲೆಕ್ಕ ನನಗೆ ಚೆನ್ನಾಗಿ ಅರ್ಥವಾಯಿತು.

ಕೊಳವೆಗಳ ವಿಷಯದಲ್ಲಿ ಮೇಲುನೋಟಕ್ಕೆ ಕಾಣದ ಒಂದು ಮೋಸವುಂಟು. ವ್ಯಾಸವನ್ನು ಎರಡು ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆಂದು ಎಲ್ಲ ಮಕ್ಕಳೂ ಬಲ್ಲರು. ಆದರೆ ಅದೇ ಇಳಿಜಾರಿನಲ್ಲಿ ಅದರೊಳಗೆ ಹರಿಯುವ ನೀರು ಆರು ಪಟ್ಟಿಗೂ ಮಿಗಿಲಾಗುತ್ತದೆ. ಏಕೆಂದರೆ ಕೊಳವೆಯ ಗೋಡೆ ನೀರನ್ನು ಉಜ್ಜಿ ತಡೆಯುತ್ತದೆ. ದೊಡ್ಡ ಕೊಳವೆಯಲ್ಲಿ ಗೋಡೆಗೆ ತಾಗದೆ ನಡುವೆ ಓಡುವ ನೀರೇ ಹೆಚ್ಚು. ಆದುದರಿಂದ ಒಂದು ದೊಡ್ಡ ಕೊಳವೆಯ ಬದಲಿಗೆ ಅದರ ಅರ್ಧ ವ್ಯಾಸದ ನಾಲ್ಕು ಕೊಳವೆಗಳನ್ನಿಟ್ಟರೆ ವಿಸ್ತೀರ್ಣ ಸಮನಾಗಿದ್ದರೂ ನೀರು ಮೂರರಲ್ಲಿ ಎರಡು ಪಾಲಿನಷ್ಟೂ ಹೋಗುವುದಿಲ್ಲ. ಕಸ ಸಿಕ್ಕಿಕೊಳ್ಳುವುದಕ್ಕೆ ಮಾತ್ರ ಒಂದು ಬಾಯಿಯ ಬದಲು ನಾಲ್ಕು ಬಾಯಿ.

ಒಳ್ಳೆಯ ಮೋರಿಯ ಗುಣವನ್ನು ಅದರ ಎರಡು ತುದಿಗಳಲ್ಲಿ ನೋಡಬೇಕು. ನೀರು ಒಳಹೊಗುವ ಬಾಯಿಯಲ್ಲಿ ಎರಡು ಕಡೆಯೂ ರೆಕ್ಕೆಯಂತೆ ಹರಡಿದ ಗೋಡೆಗಳಿರಬೇಕು. ಅವು ಅಲಂಕಾರಕ್ಕಲ್ಲ, ಅಗಲವಾದ ಹಳ್ಳದ ನೀರನ್ನು ತಳ್ಳಾಟವಿಲ್ಲದೆ ಕಿರಿದಾದ ಬಾಯಿಗೆ ಕರೆತರುವುದಕ್ಕೆ. ಬಾಯಿಯ ಅಂಚು ಚೂಪಾಗಿರದೆ ದುಂಡಗಿದ್ದರೆ ಅಷ್ಟೇ ಅಳತೆಯ ಮೋರಿಯಲ್ಲಿ ಹೆಚ್ಚು ನೀರು ಹೋಗುತ್ತದೆ. ತಂಬಿಗೆಯ ಕಂಠವನ್ನು ನಮ್ಮ ಕಂಚುಗಾರರು ದುಂಡಗೆ ಹೊರಳಿಸಿ ಮಾಡುವುದು ತಮಗೆ ನೆನಪಾಗಬಹುದು. ಇನ್ನು ನೀರು ಹೊರಬೀಳುವ ಕಡೆ. ಇಕ್ಕಟ್ಟಿನಿಂದ ರಭಸವಾಗಿ ನುಗ್ಗಿದ ನೀರು ಅಲ್ಲಿ ನೆಲವನ್ನು ಕೊರೆದು ಗುಂಡಿ ಮಾಡುತ್ತದೆ. ಗುಂಡಿ ಹಿಂದೆ ಹಿಂದೆ ಸರಿದು ಕೊನೆಗೆ ಮೋರಿಯ ಬುಡವನ್ನೇ ತಿನ್ನುತ್ತದೆ. ಅದಕ್ಕಾಗಿ ಕಲ್ಲು ಹಾಸಿದ ಜಗಲಿ, ಅದರ ಕೊನೆಯಲ್ಲಿ ನೆಲದೊಳಕ್ಕೆ ಇಳಿಬಿಟ್ಟ ಗೋಡೆ. ಇದು ಮಣ್ಣಿನಡಿ ಇರುವುದರಿಂದ ಯಾರಿಗೂ ಕಾಣುವುದಿಲ್ಲ, ಕಾಣದ್ದರಿಂದ ಕೆಲವು ಕಡೆ ಕಟ್ಟುವುದೂ ಇಲ್ಲ. ಒಳಗೆ ನೀರು ತೀರ ನಿಧಾನವಾಗಿ ಹರಿದರೆ ಹೂಳು ಕೂರುತ್ತದೆ, ತೀರ ರಭಸವಾದರೆ ತಳ ಸವೆಯುತ್ತದೆ. ನಡುವಣ ದಾರಿಯನ್ನು ಹಿಡಿದು ಇಳಿಜಾರನ್ನು ಗೊತ್ತುಮಾಡುವುದೇ ಇಂಜಿನಿಯರನ ಜಾಣತನ.

ಹೂತುಹಾಕಿದ ಸೇತುವೆಯ ಮೇಲೆ ಲಾರಿಗಳು ಓಡಾಡಿದರೂ ಅದು ಕುಸಿಯುವುದಿಲ್ಲವೇಕೆ? ತಲೆಯ ಮೇಲೆ ಮಣ್ಣು ಹೆಚ್ಚಿದಷ್ಟೂ ಭಾರ ಹೆಚ್ಚಬೇಕಲ್ಲವೆ? ಹಾಗೆ ಆಗುವುದಿಲ್ಲವೆಂಬುದೇ ಈ ವಿಷಯದ ಸ್ವಾರಸ್ಯ. ಕಲ್ಲಿನ ಕಮಾನನ್ನು ನೋಡಿ: ಒಂದೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತಿ, ಭಾರವನ್ನು ಬದಿಗಳ ಮೂಲಕ ನೆಲಕ್ಕೆ ಇಳಿಸುತ್ತದೆ. ಗಟ್ಟಿಯಾಗಿ ದಮ್ಮಸ್ಸು ಮಾಡಿದ ಮಣ್ಣೂ ತನ್ನೊಳಗೇ ಇಂಥದೊಂದು ಕಮಾನನ್ನು ಕಟ್ಟಿಕೊಳ್ಳುತ್ತದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಇಂಜಿನಿಯರಿಂಗ್ ಬೋಧಿಸುತ್ತಿದ್ದ ಆನ್ಸನ್ ಮಾರ್ಸ್ಟನ್ 1913ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದ. ಕಿರಿದಾದ ಕಂದಕದಲ್ಲಿ ಕೊಳವೆಯನ್ನಿಟ್ಟು ಮಣ್ಣು ತುಂಬಿದರೆ, ಆ ಮಣ್ಣು ಕಂದಕದ ಗೋಡೆಗಳಿಗೆ ಉಜ್ಜಿ ನಿಲ್ಲುವುದರಿಂದ ಭಾರದ ಒಂದು ಭಾಗವನ್ನು ಗೋಡೆಗಳೇ ಹೊರುತ್ತವೆ. ಕೊಳವೆಯ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಅದೇ ಗಡುಸು ಕೊಳವೆಯನ್ನು ಬಯಲಿನಲ್ಲಿಟ್ಟು ಮೇಲೆ ಏರಿ ಹಾಕಿದರೆ, ಬದಿಯ ಮಣ್ಣು ಕುಗ್ಗಿ ತನ್ನ ಹೊರೆಯನ್ನೂ ಕೊಳವೆಯ ತಲೆಗೇ ಹೇರುತ್ತದೆ. ಕೊಳವೆಯೂ ಒಂದೇ, ಮಣ್ಣೂ ಒಂದೇ. ಹೂಳುವ ಕ್ರಮ ಬೇರೆಯಾದರೆ ಹೊರೆಯೂ ಬೇರೆ.

1896ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್ ಎಂಬ ಊರಿನಲ್ಲಿ ಸುಕ್ಕುತಗಡಿನಿಂದ ಮೋರಿಯ ಕೊಳವೆ ಮಾಡುವ ಉಪಾಯವನ್ನು ಕಂಡುಹಿಡಿದರು. ತೆಳುವಾದ ತಗಡು ಮಣ್ಣನ್ನು ಹೊರುವುದೆಂದರೆ ನಂಬುವುದು ಕಷ್ಟ. ಮೇಲಿನಿಂದ ಒತ್ತಿದಾಗ ಅದು ಸ್ವಲ್ಪ ಚಪ್ಪಟೆಯಾಗಿ ಬದಿಗಳಿಗೆ ಉಬ್ಬುತ್ತದೆ. ಬದಿಯ ಗಟ್ಟಿಮಣ್ಣು ಅದನ್ನು ಹಿಂದಕ್ಕೆ ಒತ್ತುತ್ತದೆ. ಹೀಗೆ ತಗಡೂ ಮಣ್ಣೂ ಕೂಡಿ ಸೇತುವೆಯಾಗುತ್ತವೆ. ಇಂದು ಇದೇ ತತ್ತ್ವದ ಮೇಲೆ ಹತ್ತು ಮೀಟರಿಗೂ ಹೆಚ್ಚು ಅಗಲದ ಕಮಾನುಗಳನ್ನು ಕಟ್ಟಿ, ಮಣ್ಣಿನಲ್ಲಿ ಮುಚ್ಚಿ, ಮೇಲೆ ಹೆದ್ದಾರಿ ಹಾಯಿಸುತ್ತಾರೆ. ಇದಕ್ಕೆ ಒಂದೇ ಒಂದು ಕಟ್ಟುಪಾಡು. ಎರಡು ಬದಿಗೂ ಸಮಸಮವಾಗಿ, ತೆಳುವಾದ ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಬೇಕು. ಒಂದು ಕಡೆ ಹೆಚ್ಚು ತುಂಬಿದರೆ ಕಮಾನು ಸೊಟ್ಟಗಾಗುತ್ತದೆ. ಸಡಿಲವಾಗಿ ತುಂಬಿದರೆ ನೀರು ಕೊಳವೆಯ ಒಳಗೆ ಹರಿಯುವ ಬದಲು ಹೊರಮೈಯನ್ನು ಸವರಿಕೊಂಡು ನುಸುಳಿ, ಮಣ್ಣನ್ನು ಕಣಕಣವಾಗಿ ಹೊತ್ತೊಯ್ಯುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ರಸ್ತೆಯ ನಡುವೆ ಗುಂಡಿ ಬೀಳುತ್ತದೆ. ಜನ ರಸ್ತೆಯ ಡಾಂಬರನ್ನು ಬಯ್ಯುತ್ತಾರೆ. ತಪ್ಪು ಇರುವುದು ಬಹಳ ಸಲ ಹಳೆಯ ಹೂಳಿಕೆಯಲ್ಲಿ.

ರಸ್ತೆಯ ಅಡಿಯಲ್ಲಿ ನೀರು ಹೋದರೆ ಮೋರಿ. ರಸ್ತೆಯೇ ಅಡಿಯಲ್ಲಿ ಹೋದರೆ? ಅದು ಕೆಳಸೇತುವೆ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಅದು ತಾನಾಗಿಯೇ ಕೆರೆಯಾಗಲು ಸಿದ್ಧವಾಗಿರುತ್ತದೆ. ಅಲ್ಲಿ ಸೇರಿದ ನೀರು ತಾನಾಗಿ ಹೊರಹೋಗುವುದು ಅಪರೂಪ; ಜಾಲರಿ ಸ್ವಚ್ಛವಾಗಿರಬೇಕು, ಪಂಪು ಕೆಲಸ ಮಾಡಬೇಕು, ಮಳೆಯ ಹೊತ್ತಿನಲ್ಲಿಯೇ ವಿದ್ಯುತ್ತಿರಬೇಕು. 2023ರ ಮೇ 21ರಂದು ಬೆಂಗಳೂರಿನ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ಸಂಜೆಯ ಮಳೆಗೆ ನೀರು ನಿಂತು, ಅದರೊಳಗೆ ಇಳಿದ ಕಾರಿನಲ್ಲಿದ್ದ ತರುಣಿಯೊಬ್ಬಳು ಜೀವ ಕಳೆದುಕೊಂಡಳು. ನಿಂತ ನೀರು ಕಣ್ಣಿಗೆ ಆಳವನ್ನು ತೋರಿಸುವುದಿಲ್ಲ. ಅರ್ಧ ಮೀಟರಿನಷ್ಟು ನೀರಿನಲ್ಲಿಯೇ ಕಾರು ತೇಲತೊಡಗಬಹುದು. ಹರಿಯುವ ನೀರಾದರೆ ಅದಕ್ಕಿಂತ ಕಡಿಮೆಯಲ್ಲಿಯೇ ಎಳೆದೊಯ್ಯುತ್ತದೆ. ಮಳೆ ಹೊಡೆಯುತ್ತಿರುವಾಗ ಕೆಳಸೇತುವೆಯಲ್ಲಿ ನೀರು ಕಂಡರೆ ತಾವು ಗಾಡಿಯನ್ನು ತಿರುಗಿಸಿಕೊಂಡು ಬನ್ನಿ. ಹಿಂದಿನವರು ಹಾರನ್ನು ಬಾರಿಸಿದರೆ ಬಾರಿಸಲಿ.

ಹೊರದೇಶಗಳಲ್ಲಿ ಈ ನೀರಿಗಾಗಿ ಪಾತಾಳವನ್ನೇ ತೋಡಿದ್ದಾರೆ. ಜಪಾನಿನ ಟೋಕಿಯೋ ಬಳಿ ಕಸುಕಾಬೆ ಎಂಬಲ್ಲಿ 1993ರಲ್ಲಿ ಆರಂಭಿಸಿ 2006ರಲ್ಲಿ ಮುಗಿಸಿದ ಸುರಂಗವೊಂದಿದೆ: ನೆಲದಿಂದ ಸುಮಾರು 50 ಮೀಟರು ಆಳದಲ್ಲಿ 6.3 ಕಿಲೋಮೀಟರು ಉದ್ದ. ಸಣ್ಣ ನದಿಗಳು ಉಕ್ಕಿದಾಗ ಆ ನೀರು ದೈತ್ಯ ಬಾವಿಗಳಿಗೆ ಬಿದ್ದು, ಸುರಂಗದಲ್ಲಿ ಹರಿದು, 59 ಕಂಬಗಳಿರುವ 177 ಮೀಟರು ಉದ್ದದ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಪಂಪುಗಳು ಸೆಕೆಂಡಿಗೆ 200 ಘನ ಮೀಟರಿನವರೆಗೆ ಎತ್ತಿ ದೊಡ್ಡ ನದಿಗೆ ಸುರಿಯುತ್ತವೆ. ಚಿತ್ರ ನೋಡಿದವರು ದೇವಾಲಯವೆಂದೇ ಭ್ರಮಿಸುತ್ತಾರೆ. ಮಲೇಷ್ಯಾದ ಕೌಲಾಲಂಪುರದಲ್ಲಿ 2007ರಲ್ಲಿ ತೆರೆದ 9.7 ಕಿಲೋಮೀಟರಿನ ಸುರಂಗ ಇನ್ನೂ ವಿಚಿತ್ರ: ಒಣದಿನಗಳಲ್ಲಿ ಅದರ ಒಂದು ಭಾಗದಲ್ಲಿ ಮೋಟಾರುಗಳು ಓಡಾಡುತ್ತವೆ, ಮಹಾಮಳೆ ಬಂದರೆ ವಾಹನಗಳನ್ನೆಲ್ಲ ಹೊರಕ್ಕೆ ಕಳಿಸಿ, ಬಾಗಿಲು ಹಾಕಿ, ನೀರನ್ನು ಬಿಡುತ್ತಾರೆ.

ಇವು ಅದ್ಭುತಗಳೇ. ಆದರೆ ನಮ್ಮಂಥ ಊರುಗಳಿಗೆ ಇವು ಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ನಮಗೆ ಬೇಕಾದದ್ದು, ಇರುವ ಮೋರಿಗೆ ನೀರು ಸ್ವಲ್ಪ ತಡವಾಗಿ, ಸ್ವಲ್ಪ ಕಡಿಮೆಯಾಗಿ ಬರುವಂತೆ ಮಾಡುವುದು. ತಾರಸಿಯ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಇಳಿಸಿದರೆ ಮೇಲೆ ಹೇಳಿದ 27 ಡ್ರಮ್ಮುಗಳಲ್ಲಿ ಹತ್ತಾದರೂ ಬೀದಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಗೊತ್ತಾದ ಅಳತೆಗೆ ಮೀರಿದ ನಿವೇಶನಗಳಿಗೆ 2009ರಲ್ಲಿಯೇ ಇದನ್ನು ಕಾನೂನಿನಿಂದ ಕಡ್ಡಾಯ ಮಾಡಿದರು. ಮನೆಯ ಮುಂದಿನ ಚರಂಡಿಯ ಮೇಲೆ ಸ್ಕೂಟರು ಹತ್ತಿಸಲು ಚಪ್ಪಡಿ ಹಾಕುವವರು, ಅದನ್ನು ಎತ್ತಿ ಹೂಳು ತೆಗೆಯುವಂತೆ ತುಂಡು ತುಂಡಾಗಿ ಹಾಕಲಿ. ಸಿಮೆಂಟಿನಿಂದ ಬೆಸೆದುಬಿಟ್ಟರೆ ಅದರಡಿಯ ಕಸ ಸಿಕ್ಕಿಕೊಂಡಲ್ಲಿಯೇ ಕೂರುತ್ತದೆ, ನೀರು ಮೇಲಿನ ಮನೆಯವರ ಅಂಗಳಕ್ಕೆ ತಿರುಗುತ್ತದೆ.

ಇನ್ನೊಂದು ಸಹಾಯವನ್ನು ತಾವು ಖರ್ಚಿಲ್ಲದೆ ಮಾಡಬಹುದು. ಹೊಸ ಮೋರಿಯ ಅಳತೆಯನ್ನು ಗೊತ್ತುಮಾಡುವ ಇಂಜಿನಿಯರು ಊರಿಗೆ ಬಂದಾಗ ಮೊದಲು ಕೇಳುವುದು, ಹಿಂದೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದನ್ನು. ಮುದುಕರು ಸೊಂಟ ಮುಟ್ಟಿ ತೋರಿಸುತ್ತಾರೆ, ನಡುವಯಸ್ಸಿನವರು ಮೊಣಕಾಲು ಮುಟ್ಟಿ ತೋರಿಸುತ್ತಾರೆ. ಲೆಕ್ಕಕ್ಕೆ ಎರಡೂ ಒದಗುವುದಿಲ್ಲ. ನೀರು ಇಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸುಣ್ಣ ಹೊಡೆಸುವ ಮೊದಲು ಆ ಗೆರೆಯ ಮೇಲೆ ಬಣ್ಣದಿಂದ ಒಂದು ಅಡ್ಡಗೀಟೆಳೆದು ತಾರೀಖನ್ನು ಬರೆದಿಡಿ. ನಮ್ಮ ಹುಡುಗರು ಆ ಬೀದಿಯ ಏಳು ಮನೆಗಳಲ್ಲಿ ಹಾಗೆ ಗುರುತು ಮಾಡಿದರು. ಅಳತೆಗಳನ್ನೂ ಗುರುತುಗಳನ್ನೂ ಸೇರಿಸಿ ಒಂದು ಅರ್ಜಿ ಬರೆದೆವು. ಅರ್ಜಿಯ ಕನ್ನಡವನ್ನು ನಾನು ತಿದ್ದಿಕೊಟ್ಟೆ. ಎರಡು ಮಳೆಗಾಲಗಳು ಕಳೆದ ಮೇಲೆ ಕೊಳವೆಗಳನ್ನು ಕಿತ್ತು ಚೌಕಾಕಾರದ ಕಾಂಕ್ರೀಟು ಮೋರಿಯನ್ನು ಹಾಕಿದರು. ಅಗಲ 2 ಮೀಟರು, ಎತ್ತರ 1.5 ಮೀಟರು. ಆ ಹುಡುಗನ ಮನೆಯ ಗೋಡೆಯ ಮೇಲೆ ನೀಲಿ ಬಣ್ಣದ ಗೀಟು ಇನ್ನೂ ಇದೆ. ಅದರ ಮೇಲೆ ಎರಡನೆಯ ಗೀಟನ್ನು ಎಳೆಯುವ ಪ್ರಸಂಗ ಇದುವರೆಗೆ ಬಂದಿಲ್ಲ.